ಆಸ್ಟ್ರೇಲಿಯಾದ ವಾಲಂಟಿಯರ್ ಸೋಲ್ಜರ್‌ಗಳು, ಅವರ ಬೆಟಾಲಿಯನ್‌ಗಳು: ಪದೇ ಪದೇ ಕೇಳೋ ಪ್ರಶ್ನೆಗಳು

ಏಪ್ರಿಲ್ 25ರ ಆನ್ಜಾಕ್ ಡೇ, ಅಂದ್ರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರು ತಮ್ಮ ಸೋಲ್ಜರ್‌ಗಳನ್ನ ನೆನೆಯೋ ದಿನ, ಹತ್ರ ಬಂತು ಅಂದ್ರೆ ಮೆಲ್ಬರ್ನ್‌ಗೆ ಹೊಸದಾಗಿ ಬಂದ ನಮ್ಮೋರು ಕೇಳ್ತಾರೆ, ಮಗಳ ಮನೆಗೆ ಅಂತ ಊರಿಂದ ಬಂದಿರೋ ಅಪ್ಪ ಅಮ್ಮಂದಿರು ಕೇಳ್ತಾರೆ, ಸ್ಕೂಲಲ್ಲಿ ಆನ್ಜಾಕ್ ಬಿಸ್ಕೆಟ್ ತಿಂದ್ಕೊಂಡು ಬಂದ ಮಕ್ಕಳೂ ಕೇಳ್ತವೆ. ಹೇಳಿ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಡೋಣ ಅನ್ನಿಸ್ತು. ಜಾಸ್ತಿ ಇರೋದು ಮೊದಲನೇ ಮಹಾಯುದ್ಧದ್ದೇ, ಎರಡನೇದು ಕೊನೇಲಿ ಸ್ವಲ್ಪ ಬರುತ್ತೆ. ನಾನು ಹಿಸ್ಟರಿ ಮೇಷ್ಟ್ರಲ್ಲ, ಇದರ ಹುಚ್ಚು ಹತ್ತಿಸ್ಕೊಂಡವನು ಅಷ್ಟೆ.

ಎಐಎಫ್ ಅಂದ್ರೆ ಏನು?

ಆಸ್ಟ್ರೇಲಿಯನ್ ಇಂಪೀರಿಯಲ್ ಫೋರ್ಸ್. 1914 ಆಗಸ್ಟ್ 4ಕ್ಕೆ ಬ್ರಿಟನ್ ಯುದ್ಧಕ್ಕೆ ಇಳೀತು, ಅದರ ಬೆನ್ನಿಗೇ ಆಸ್ಟ್ರೇಲಿಯಾನೂ ಇಳೀತು, 20,000 ಜನ ಕಳಿಸ್ತೀವಿ ಅಂತ ಸರ್ಕಾರ ಮಾತು ಕೊಟ್ಟುಬಿಡ್ತು. ಆದ್ರೆ ಕಳಿಸೋಕೆ ಸೈನ್ಯ ಎಲ್ಲಿತ್ತು? ಊರೂರಲ್ಲಿ ಮಿಲಿಶಿಯಾ, ಅಂದ್ರೆ ಪಾರ್ಟ್‌ಟೈಮ್ ಸೈನಿಕರ ಪಡೆ ಇತ್ತು, ಹುಡುಗರಿಗೆ ಕಡ್ಡಾಯ ಟ್ರೇನಿಂಗೂ ಇತ್ತು, ಆದ್ರೆ 1903ರ ಡಿಫೆನ್ಸ್ ಆಕ್ಟ್ ಪ್ರಕಾರ ಅವರು ಒಪ್ಪದೆ ಒಬ್ಬರನ್ನೂ ದೇಶದ ಆಚೆ ಯುದ್ಧಕ್ಕೆ ಕಳಿಸೋ ಹಾಗಿರಲಿಲ್ಲ. ಹಂಗಾಗಿ ವಿಲಿಯಂ ಬ್ರಿಡ್ಜಸ್ ಅನ್ನೋ ಆಫೀಸರ್ ಕೈಗೆ ಕೊಟ್ಟು, ಬರೀ ಬಯಸಿ ಬಂದವರನ್ನ ಸೇರಿಸ್ಕೊಂಡು ಹೊಸದೊಂದು ಸೈನ್ಯನೇ ಕಟ್ಟಿದ್ರು. ಈ ಒಂದು ಕಾನೂನು ನೆನಪಲ್ಲಿಟ್ಕೊಳ್ಳಿ, ಕೆಳಗೆ ಬರೋ ಅರ್ಧ ಉತ್ತರ ಇದರಿಂದಲೇ ಹುಟ್ಟಿರೋದು.

ಕೊನೇವರೆಗೂ ವಾಲಂಟಿಯರ್ಸೇನಾ? ಒಬ್ಬರನ್ನೂ ಎಳ್ಕೊಂಡು ಹೋಗಿಲ್ವಾ?

ಇಲ್ಲ. ಬ್ರಿಟನ್, ಕೆನಡಾ, ನ್ಯೂಜಿಲೆಂಡ್ ಎಲ್ಲ ನಡುವಲ್ಲಿ ಕಡ್ಡಾಯ ಭರ್ತಿಗೆ ಹೋದ್ರೂ ಇವರು ಹೋಗ್ಲಿಲ್ಲ. ಐವತ್ತು ಲಕ್ಷನೂ ಮುಟ್ಟದ ಜನಸಂಖ್ಯೆಯ ದೇಶದಿಂದ 4,16,809 ಜನ ಹೆಸರು ಕೊಟ್ರು, ಅದರಲ್ಲಿ ಮೂರು ಲಕ್ಷದ ಮೇಲೆ ಜನ ಹಡಗು ಹತ್ತಿದ್ರು, 60,000ಕ್ಕಿಂತ ಜಾಸ್ತಿ ಜನ ವಾಪಸ್ ಬರಲಿಲ್ಲ.

ಅಷ್ಟು ಜನ ಯಾಕೆ ಸೇರಿದ್ರು? ದೇಶಪ್ರೇಮನಾ ದುಡ್ಡಾ?

ಎರಡೂ ಇತ್ತು, ಇನ್ನೂ ಏನೇನೋ ಇತ್ತು. ಸಾಮಾನ್ಯ ಸಿಪಾಯಿಗೆ ದಿನಕ್ಕೆ 6 ಶಿಲಿಂಗ್ ಸಂಬಳ, ಅದರಲ್ಲಿ ಒಂದು ಶಿಲಿಂಗ್ ಹಿಡಿದಿಟ್ಟು ಕೊನೇಲಿ ಕೊಡ್ತಿದ್ರು. ಅದೇ ಟೈಮಲ್ಲಿ ಬ್ರಿಟಿಷ್ ಸಿಪಾಯಿಗೆ ಬರ್ತಿದ್ದಿದ್ದು ದಿನಕ್ಕೆ ಒಂದೇ ಶಿಲಿಂಗ್. ಅದಕ್ಕೇ ಇವರನ್ನ ದಿನಕ್ಕೆ ಆರು ಶಿಲಿಂಗಿನ ಟೂರಿಸ್ಟ್‌ಗಳು ಅಂತ ಆಡ್ಕೊಳ್ತಿದ್ರು. 1914ರಲ್ಲಿ ಅಲ್ಲಿ ಬರಗಾಲ ಬೇರೆ, ಕೆಲಸ ಇಲ್ಲದವರಿಗೆ ಇದು ಹೊಟ್ಟೆಪಾಡೂ ಹೌದು. ಜೊತೆಗೆ ಬ್ರಿಟನ್ನಲ್ಲೇ ಹುಟ್ಟಿ ಬಂದವರು ತುಂಬ ಜನ ಇದ್ರು, ಅವರಿಗೆ ಪುಕ್ಕಟೆ ಟಿಕೆಟ್ಟಲ್ಲಿ ತವರಿಗೆ ಹೋಗಿ ಬಂದ ಹಾಗೆ. ಗೆಳೆಯ ಹೋದ ಅಂತ ಹೋದವರು, ಹೆಂಗಸರು ಕೈಗೆ ಬಿಳಿ ಗರಿ ಕೊಟ್ಟು ಹೇಡಿ ಅಂದಿದ್ದಕ್ಕೆ ಮಾನ ಹೋಯ್ತು ಅಂತ ಹೋದವರೂ ಇದ್ರು. ಒಂದು ವಿಷಯ ಮಾತ್ರ ಗಮನಿಸಿ, ಅತಿ ಹೆಚ್ಚು ಜನ ಸೇರಿದ್ದು ಯುದ್ಧ ಶುರುವಾದ ತಿಂಗಳಲ್ಲಲ್ಲ, 1915 ಜುಲೈನಲ್ಲಿ, ಒಂದೇ ತಿಂಗಳಿಗೆ 36,575 ಜನ. ಅಷ್ಟೊತ್ತಿಗೆ ತುರ್ಕಿಯ ಗಲಿಪೊಲಿ ಅನ್ನೋ ಕಡೆ ನಡೀತಿದ್ದ ಯುದ್ಧದ ಸಾವಿನ ಲಿಸ್ಟ್‌ಗಳು ಪೇಪರ್ರಲ್ಲಿ ಬರ್ತಾ ಇದ್ವು. ಸತ್ತವರ ಹೆಸರು ಓದ್ಕೊಂಡೇ ಜನ ಕ್ಯೂ ನಿಂತಿದ್ರು ಅಂದ್ರೆ ಬರೀ ದುಡ್ಡಿಗೆ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ಯಾರು ಬೇಕಾದ್ರೂ ಸೇರಬಹುದಿತ್ತಾ?

ಶುರುವಲ್ಲಿ ಇಲ್ಲ. ವಯಸ್ಸು 19ರಿಂದ 38, ಎತ್ತರ ಕಮ್ಮಿ ಅಂದ್ರೂ 5 ಅಡಿ 6 ಇಂಚು, ಎದೆ 34 ಇಂಚು, ಹಲ್ಲು ಸರಿ ಇಲ್ದೆ ಇದ್ರೂ ವಾಪಸ್ ಕಳಿಸ್ತಿದ್ರು. 1915ರಲ್ಲೇ ಎತ್ತರ 5 ಅಡಿ 2 ಇಂಚಿಗೆ ಇಳೀತು, ವಯಸ್ಸು 45ಕ್ಕೆ ಏರ್ತು, 1917ರ ಹೊತ್ತಿಗೆ 5 ಅಡಿ ಇದ್ರೂ ಬಾ ಅಪ್ಪ ಅಂದ್ರು. 1914ರಲ್ಲಿ ಕುಳ್ಳ ಅಂತ ರಿಜೆಕ್ಟ್ ಆದವನೇ ಮೂರು ವರ್ಷ ಆದ್ಮೇಲೆ ಏನೂ ಬೆಳೀದೆ ಸೆಲೆಕ್ಟ್ ಆಗ್ಬಿಟ್ಟ!

ಸುಳ್ಳು ವಯಸ್ಸು ಹೇಳಿ ಸೇರಿದ ಹುಡುಗರ ಕಥೆ ನಿಜನಾ?

ನಿಜ. ಬರ್ತ್ ಸರ್ಟಿಫಿಕೇಟ್ ಯಾರೂ ಕೇಳ್ತಿರಲಿಲ್ಲ, 21ರ ಒಳಗಿದ್ರೆ ಅಪ್ಪ ಅಮ್ಮನ ಒಪ್ಪಿಗೆ ಪತ್ರ ಬೇಕಿತ್ತು ಅಷ್ಟೆ. ವಿಕ್ಟೋರಿಯಾದ ಜಿಮ್ ಮಾರ್ಟಿನ್ ಅನ್ನೋ ಹುಡುಗ ಮನೇಲಿ ಹಟ ಹಿಡಿದ, ನೀವು ಸೈನ್ ಹಾಕ್ಲಿಲ್ಲ ಅಂದ್ರೆ ಬೇರೆ ಹೆಸರಲ್ಲಿ ಸೇರ್ತೀನಿ, ಕಾಗದನೂ ಬರೆಯಲ್ಲ ಅಂದ. ಆ ತಾಯಿ ಏನು ಮಾಡಬೇಕು ಹೇಳಿ, ಸೈನ್ ಹಾಕಿದ್ರು. 21ನೇ ಬೆಟಾಲಿಯನ್ ಜೊತೆ ಗಲಿಪೊಲಿಗೆ ಹೋದ, ಟ್ರೆಂಚಲ್ಲಿ ಟೈಫಾಯ್ಡ್ ಜ್ವರ ಬಂದು 1915 ಅಕ್ಟೋಬರ್ 25ಕ್ಕೆ ಆಸ್ಪತ್ರೆ ಹಡಗಲ್ಲಿ ತೀರ್ಕೊಂಡ. ವಯಸ್ಸು 14 ವರ್ಷ 9 ತಿಂಗಳು. ಟಾಸ್ಮೇನಿಯಾದ ಅಲೆಕ್ ಕ್ಯಾಂಪ್‌ಬೆಲ್ 16ಕ್ಕೇ 18 ಅಂತ ಹೇಳಿ ಸೇರಿದವರು, ಅವರ ಆಯಸ್ಸು ಗಟ್ಟಿ ಇತ್ತು, ಗಲಿಪೊಲಿ ನೋಡಿದವರಲ್ಲಿ ಎಲ್ಲರಿಗಿಂತ ಕೊನೆಗೆ ಉಳಿದಿದ್ದು ಅವರೇ, 2002ರಲ್ಲಿ ತೀರಿಕೊಂಡ್ರು.

ಕೂ-ಈ ಮಾರ್ಚ್ ಅಂದ್ರೆ ಏನದು?

ನಮ್ಮ ಕಡೆ ಪಾದಯಾತ್ರೆ ಮಾಡ್ತಾರಲ್ಲ ಹಾಗೇ ಅನ್ಕೊಳ್ಳಿ. 1915 ಅಕ್ಟೋಬರಲ್ಲಿ ನ್ಯೂ ಸೌತ್ ವೇಲ್ಸ್‌ನ ಗಿಲ್ಗಾಂಡ್ರ ಅನ್ನೋ ಸಣ್ಣ ಊರಿಂದ 26 ಜನ ಸಿಡ್ನಿ ಕಡೆ ನಡ್ಕೊಂಡು ಹೊರಟ್ರು, 500 ಕಿಲೋಮೀಟರ್ ಮೇಲೆ ದಾರಿ. ಸಿಕ್ಕ ಸಿಕ್ಕ ಊರಲ್ಲಿ ನಿಂತು ಕೂ-ಈ ಅಂತ ಕೂಗೋದು, ಕಾಡಲ್ಲಿ ಒಬ್ಬರನ್ನೊಬ್ಬರು ಕರೆಯೋ ಕೂಗು ಅದು, ಬರೋರು ಬನ್ನಿ ಅನ್ನೋದು, ಊರಿನೋರು ಊಟ ಹಾಕಿ ಕಳಿಸೋದು. ನವೆಂಬರ್ 12ಕ್ಕೆ ಸಿಡ್ನಿ ಮುಟ್ಟಿದಾಗ 263 ಜನ ಆಗಿದ್ರು. ಇದು ನೋಡಿ ಬೇರೆ ಊರಿನವರೂ ಇದೇ ಥರ ಹೊರಟ್ರು.

ಜನ ಕಮ್ಮಿ ಆದಾಗ ಸರ್ಕಾರ ಸುಮ್ನೆ ಕೂತ್ಕೊಳ್ತಾ?

ಎಲ್ಲಿ ಕೂತ್ಕೊಳ್ಳುತ್ತೆ. 1916 ಜುಲೈನಲ್ಲಿ ಫ್ರಾನ್ಸ್‌ನ ಫ್ರೊಮೆಲ್ ಅನ್ನೋ ಕಡೆ ಒಂದೇ ರಾತ್ರಿ 5ನೇ ಡಿವಿಷನ್ನಿನ 5,533 ಜನ ಸತ್ರು, ಗಾಯ ಆದ್ರು ಇಲ್ಲಾ ಸೆರೆ ಸಿಕ್ರು, ಅದರ ಹಿಂದೆನೇ ಪೊಜಿಯೇರಲ್ಲಿ ಏಳು ವಾರ ಮುಗಿಯೋದ್ರೊಳಗೆ ಸುಮಾರು 23,000 ಜನ ಸತ್ರು ಇಲ್ಲಾ ಗಾಯ ಆದ್ರು. ಪ್ರಧಾನಿ ಬಿಲ್ಲಿ ಹ್ಯೂಸ್‌ಗೆ ಕಡ್ಡಾಯ ಭರ್ತಿ ಬೇಕಿತ್ತು, ಪಾರ್ಲಿಮೆಂಟಲ್ಲಿ ಪಾಸ್ ಆಗಲ್ಲ ಅಂತ ಗೊತ್ತಿತ್ತು, ನೇರ ಜನರ ಮುಂದೆ ವೋಟಿಗಿಟ್ರು. 1916 ಅಕ್ಟೋಬರ್ 28: ಬೇಡ 11,60,033, ಬೇಕು 10,87,557. ಸೋತ್ರು, ಅವರ ಲೇಬರ್ ಪಾರ್ಟಿನೇ ಎರಡು ಹೋಳಾಯ್ತು. ಆದ್ರೂ ಬಿಡದೆ 1917 ಡಿಸೆಂಬರ್ 20ಕ್ಕೆ ಇನ್ನೊಂದ್ಸಲ ಕೇಳಿದ್ರು, ಈ ಸಲ ಇನ್ನೂ ಜಾಸ್ತಿ ಅಂತರದಲ್ಲಿ ಸೋತ್ರು. ಮೆಲ್ಬರ್ನ್‌ನ ಆರ್ಚ್‌ಬಿಷಪ್ ಡೇನಿಯಲ್ ಮ್ಯಾನಿಕ್ಸ್ ಇದರ ವಿರುದ್ಧ ಗಟ್ಟಿಯಾಗಿ ನಿಂತಿದ್ರು, ಟ್ರೇಡ್ ಯೂನಿಯನ್ನವರೂ ನಿಂತಿದ್ರು. ನನಗೆ ಇದರಲ್ಲಿ ಆಶ್ಚರ್ಯ ಆಗೋದು ಸೋಲ್ಜರ್‌ಗಳ ವೋಟು, 1916ರಲ್ಲಿ ಬೇಕು ಅಂದವರು 72,399, ಬೇಡ ಅಂದವರು 58,894. ಅಂದ್ರೆ ತಾವೇ ಬಯಸಿ ಹೋದವರಲ್ಲೂ ಅರ್ಧಕ್ಕೆ ಹತ್ತಿರ ಜನ, ಪಕ್ಕದಲ್ಲಿ ಆಳು ಸಾಲದೆ ಇದ್ರೂ, ಮನಸ್ಸಿಲ್ಲದವನನ್ನ ಎಳ್ಕೊಂಡು ಬರಬೇಡಿ ಅಂದ್ರು.

ಬೆಟಾಲಿಯನ್, ಬ್ರಿಗೇಡ್, ಡಿವಿಷನ್... ಒಂಚೂರೂ ತಲೆಗೆ ಹತ್ತಲ್ಲ, ಬಿಡಿಸಿ ಹೇಳಿ

ಬೆಟಾಲಿಯನ್ನಿಂದ ಶುರು ಮಾಡಿ, ಅದೇ ಮನೆ ಇದ್ದ ಹಾಗೆ. ಸುಮಾರು 1,000 ಜನ. ಅದರೊಳಗೆ ಕಂಪನಿಗಳು, ಕಂಪನಿಯೊಳಗೆ ಪ್ಲಟೂನ್, ಅದರೊಳಗೆ ಹತ್ತು ಹನ್ನೆರಡು ಜನರ ಸೆಕ್ಷನ್. ಮೇಲಕ್ಕೆ ಹೋದ್ರೆ ನಾಲ್ಕು ಬೆಟಾಲಿಯನ್ ಸೇರಿ ಬ್ರಿಗೇಡ್, ಮೂರು ಬ್ರಿಗೇಡ್ ಜೊತೆಗೆ ಫಿರಂಗಿ, ಎಂಜಿನಿಯರ್, ಆಂಬುಲೆನ್ಸ್ ಎಲ್ಲ ಸೇರಿ ಡಿವಿಷನ್. ಹೀಗೆ 5 ಡಿವಿಷನ್, 1ರಿಂದ 60ರವರೆಗೆ ನಂಬರ್ ಹಾಕಿದ 60 ಇನ್ಫೆಂಟ್ರಿ (ಕಾಲಾಳು) ಬೆಟಾಲಿಯನ್. 1917ರ ಕೊನೆಗೆ ಐದೂ ಸೇರಿ ಆಸ್ಟ್ರೇಲಿಯನ್ ಕೋರ್ ಆಯ್ತು, 1918ರಲ್ಲಿ ಅದರ ಚುಕ್ಕಾಣಿ ಹಿಡಿದಿದ್ದು ಜಾನ್ ಮೊನಾಶ್, ವೃತ್ತಿಯಲ್ಲಿ ಸಿವಿಲ್ ಎಂಜಿನಿಯರ್, ಇಲ್ಲಿ ಮೆಲ್ಬರ್ನ್‌ನಲ್ಲಿ ನಮ್ಮ ಹುಡುಗರು ಓದೋಕೆ ಬರೋ ಮೊನಾಶ್ ಯೂನಿವರ್ಸಿಟಿಗೆ ಇಟ್ಟಿರೋದು ಅವರದೇ ಹೆಸರು.

ಮುಖ್ಯ ವಿಷಯ ಏನಂದ್ರೆ ನಂಬರ್ ನೋಡಿದ್ರೆ ಊರು ಗೊತ್ತಾಗ್ತಿತ್ತು. 1ರಿಂದ 4 ನ್ಯೂ ಸೌತ್ ವೇಲ್ಸ್, 5ರಿಂದ 8 ವಿಕ್ಟೋರಿಯಾ, 9 ಕ್ವೀನ್ಸ್‌ಲ್ಯಾಂಡ್, 10 ಸೌತ್ ಆಸ್ಟ್ರೇಲಿಯಾ, 11 ಪರ್ತ್ ಕಡೆಯೋರು. ಅಣ್ಣ ತಮ್ಮ, ಒಂದೇ ಕ್ರಿಕೆಟ್ ಟೀಮಿನವರು, ಒಂದೇ ಗಣಿಯಲ್ಲಿ ಕೆಲಸ ಮಾಡ್ತಿದ್ದೋರು ಒಟ್ಟಿಗೆ ಇರ್ತಿದ್ರು. 11ನೇ ಬೆಟಾಲಿಯನ್ನಿನ 703 ಜನ 1915 ಜನವರಿ 10ಕ್ಕೆ ಈಜಿಪ್ಟ್‌ನ ದೊಡ್ಡ ಪಿರಮಿಡ್ ಮೇಲೆ ಕೂತು ಒಂದು ಗ್ರೂಪ್ ಫೋಟೋ ತೆಗೆಸ್ಕೊಂಡಿದ್ದಾರೆ, ಹುಡುಕಿ ನೋಡಿ. ಮೂರೂವರೆ ತಿಂಗಳಾದ್ಮೇಲೆ ಬೆಳಗಾಗೋಕೆ ಮುಂಚೆ ಗಲಿಪೊಲಿ ದಡಕ್ಕೆ ಮೊದಲು ಇಳಿದವರಲ್ಲಿ ಇವರೇ ಇದ್ರು. ಊರಿನ ಹುಡುಗರು ಒಟ್ಟಿಗಿದ್ರೆ ಧೈರ್ಯ ನಿಜ, ಆದ್ರೆ ಕೆಟ್ಟ ದಿನ ಬಂದಾಗ ಒಂದೇ ಬೀದಿಯ ಎಷ್ಟೋ ಮನೆಗೆ ಒಂದೇ ವಾರ ಸುದ್ದಿ ಬರ್ತಿತ್ತು.

ಭುಜದ ಮೇಲಿನ ಬಣ್ಣದ ಪಟ್ಟಿ ಏನು?

ಕಲರ್ ಪ್ಯಾಚ್ ಅಂತಾರೆ. ಆಕಾರ ನೋಡಿದ್ರೆ ಡಿವಿಷನ್: ಅಡ್ಡ ಆಯತ 1ನೇದು, ವಜ್ರದ ಆಕಾರ 2ನೇದು, ಮೊಟ್ಟೆ ಥರ ಇರೋದು 3ನೇದು, ವೃತ್ತ 4ನೇದು, ನೆಟ್ಟಗೆ ನಿಂತ ಆಯತ 5ನೇದು. ಕೆಳಗಿನ ಬಣ್ಣ ಬ್ರಿಗೇಡ್, ಮೇಲಿನದು ಬೆಟಾಲಿಯನ್. ಕಪ್ಪು ಮೇಲೆ, ಹಸಿರು ಕೆಳಗೆ, ಅಡ್ಡ ಆಯತ ಅಂದ್ರೆ 1ನೇ ಬೆಟಾಲಿಯನ್. ಅದರ ಮೇಲೆ ಸಣ್ಣ ಹಿತ್ತಾಳೆ ಎ ಅಕ್ಷರ ಇದ್ರೆ ಗಲಿಪೊಲಿ ನೋಡಿ ಬಂದ ಆಸಾಮಿ. ಹಳೇ ಫೋಟೋ ಮನೇಲಿಟ್ಕೊಂಡು ಇದು ಯಾರು ಅಂತ ಒದ್ದಾಡೋ ಇಲ್ಲಿನ ಪಕ್ಕದ ಮನೆಯವರಿಗೆ ಈ ಒಂದು ಟ್ರಿಕ್ ಹೇಳಿಕೊಟ್ಟು ನಾನು ಎಷ್ಟೋ ಸಲ ಟೀ ಕುಡಿದು ಬಂದಿದ್ದೀನಿ, ಆದ್ರೆ ಫೋಟೋ ಕಪ್ಪು ಬಿಳುಪಾದ್ರೆ ಬಣ್ಣ ಕಾಣಲ್ಲ, ಆಕಾರದಿಂದ ಡಿವಿಷನ್‌ವರೆಗೆ ಹೋಗಬಹುದು.

1916ರಲ್ಲಿ ಬೆಟಾಲಿಯನ್‌ಗಳನ್ನ ಅರ್ಧಕ್ಕೆ ಕಡಿದ್ರು ಅಂತಾರಲ್ಲ?

ಹೌದು, ಅವಿಭಕ್ತ ಕುಟುಂಬ ಪಾಲಾದ ಹಾಗೆ. ಗಲಿಪೊಲಿಯಿಂದ ಈಜಿಪ್ಟ್‌ಗೆ ವಾಪಸ್ ಬಂದಾಗ ಕ್ಯಾಂಪ್ ತುಂಬ ಊರಿಂದ ಬಂದ ಹೊಸ ಹುಡುಗರು. ಬರೀ ಹೊಸಬರನ್ನೇ ಸೇರಿಸಿ ಬೆಟಾಲಿಯನ್ ಮಾಡಿದ್ರೆ ಕಷ್ಟ ಅಂತ ಮೊದಲ 16 ಬೆಟಾಲಿಯನ್‌ಗಳ ಅರ್ಧರ್ಧ ಹಳಬರನ್ನ ತೆಗೆದು 45ರಿಂದ 60 ನಂಬರಿನ ಹೊಸವು ಮಾಡಿದ್ರು, ಎರಡೂ ಕಡೆ ಹೊಸಬರನ್ನ ತುಂಬಿದ್ರು. 1ನೇದರಿಂದ 53, 8ನೇದರಿಂದ 60, 16ನೇದರಿಂದ 48 ಹೀಗೆ. ಪಾಲಾಗಿ ಹೋದವರು ಹಳೇ ಮನೆಯ ಬಣ್ಣನೇ ಇಟ್ಕೊಂಡ್ರು, ಪ್ಯಾಚಿನ ಆಕಾರ ಮಾತ್ರ ಬದಲಾಯ್ತು. ಆ ದಿನ ಎರಡು ಸಾಲಾಗಿ ಬೇರೆ ಬೇರೆ ನಿಂತಾಗ ಗಲಿಪೊಲಿಯಲ್ಲಿ ಅಳದವರೂ ಅತ್ರಂತೆ.

ಲೈಟ್ ಹಾರ್ಸ್ ಅಂದ್ರೆ ಕುದುರೆ ದಳ ತಾನೆ?

ಅರ್ಧ ಹೌದು. ಕುದುರೆ ಮೇಲೆ ಬರ್ತಾರೆ, ಇಳಿದು ರೈಫಲ್ ಹಿಡಿದು ನಡ್ಕೊಂಡು ಹೊಡೀತಾರೆ. ನಾಲ್ಕು ಜನರ ಗುಂಪು, ಒಬ್ಬ ನಾಲ್ಕೂ ಕುದುರೆ ಹಿಡ್ಕೊಂಡು ಹಿಂದೆ ಉಳೀತಾನೆ, ಮೂವರು ಹೋಗ್ತಾರೆ. ಕತ್ತಿ ಇರಲಿಲ್ಲ. ಅದಕ್ಕೇ 1917 ಅಕ್ಟೋಬರ್ 31ರ, ಪ್ಯಾಲೆಸ್ಟೈನ್‌ನ ಬೀರ್‌ಶೀಬಾ ಅನ್ನೋ ಊರಿನ ಯುದ್ಧ ಅಷ್ಟು ಫೇಮಸ್ಸು: ಸಂಜೆ ಆಗ್ತಾ ಬಂತು, ಕುದುರೆಗೆ ನೀರಿಲ್ಲ, ಬಾವಿಗಳೆಲ್ಲ ಊರೊಳಗೆ, ಊರು ತುರ್ಕಿಯವರ ಕೈಲಿ. 4ನೇ ಮತ್ತು 12ನೇ ಲೈಟ್ ಹಾರ್ಸ್ ರೆಜಿಮೆಂಟಿನವರು ಬಯೊನೆಟ್‌ಗಳನ್ನೇ ಕತ್ತಿ ಥರ ಕೈಯಲ್ಲಿ ಹಿಡಿದು ಬಯಲಲ್ಲಿ ನುಗ್ಗಿಬಿಟ್ರು, ಇವರು ಇಳೀತಾರೆ ಅಂತ ಕಾಯ್ತಾ ಇದ್ದ ತುರ್ಕಿಯವರ ಗುರಿ ತಪ್ಪಿತು, ಟ್ರೆಂಚ್ ಹಾರಿ ಊರು ಹಿಡಿದ್ರು. ಆ ನುಗ್ಗಾಟದಲ್ಲಿ ಸತ್ತವರು 31 ಜನ. ಹ್ಯಾಟಿಗೆ ಸಿಕ್ಕಿಸ್ಕೊಳ್ತಿದ್ದ ಎಮು ಹಕ್ಕಿ ಗರಿ ಏನು ಅಂತ ಯಾರಾದ್ರೂ ಕೇಳಿದ್ರೆ ಕಾಂಗರೂ ಗರಿ ಅಂತ ಬಿಡ್ತಿದ್ರು.

ನಮ್ಮ ಮೈಸೂರು ಲ್ಯಾನ್ಸರ್ಸ್ ಇವರ ಜೊತೆ ಇದ್ರು ಅನ್ನೋದು ವಾಟ್ಸಾಪ್ ಕಥೆನಾ?

ಅಲ್ಲ, ಇದು ನಿಜ, ಆದ್ರೆ ವಾಟ್ಸಾಪಲ್ಲಿ ಅರ್ಧ ಮಾತ್ರ ಬರುತ್ತೆ. ಮೈಸೂರು ಮಹಾರಾಜರ ಕುದುರೆ ದಳ 1914ರಲ್ಲೇ ಈಜಿಪ್ಟ್‌ಗೆ ಹೋಯ್ತು, ಸೂಯೆಜ್ ಕಾಲುವೆ ಕಾಯ್ತು. 1918ರಲ್ಲಿ ಅದು ಇದ್ದ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್, 5ನೇ ಕ್ಯಾವಲ್ರಿ ಡಿವಿಷನ್ ಕೆಳಗೆ, ಆ ಡಿವಿಷನ್ ಡೆಸರ್ಟ್ ಮೌಂಟೆಡ್ ಕೋರ್ ಕೆಳಗೆ. ಆ ಕೋರಿನ ಯಜಮಾನ ಯಾರು ಅಂದ್ರೆ ಆಸ್ಟ್ರೇಲಿಯಾದ ಹ್ಯಾರಿ ಶೋವೆಲ್, ಲೈಟ್ ಹಾರ್ಸಿಂದಲೇ ಮೇಲೆ ಬಂದವರು. ಅಂದ್ರೆ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲ್‌ನ ಹೈಫಾ ಊರು ಹಿಡಿದಾಗ ನಮ್ಮೋರು ಇದ್ದಿದ್ದು ಒಬ್ಬ ಆಸ್ಟ್ರೇಲಿಯನ್ ಜನರಲ್ ಕೈ ಕೆಳಗಿನ ಸೈನ್ಯದಲ್ಲಿ. ಜೋಧ್‌ಪುರದವರು ಊರಿಗೆ ನುಗ್ಗಿದ್ರು, ಮೈಸೂರಿನವರು ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮೇಲೆ ಹೋದ್ರು, 1,300ಕ್ಕಿಂತ ಜಾಸ್ತಿ ಜನರನ್ನ ಸೆರೆ ಹಿಡಿದ್ರು. ಡೆಲ್ಲಿಯ ತೀನ್ ಮೂರ್ತಿ ನೋಡಿದ್ದೀರಲ್ಲ, ಮೂರರಲ್ಲಿ ಒಂದು ಮೈಸೂರಿನ ಸವಾರನದು.

ಒಂದು ವ್ಯತ್ಯಾಸ ಇದೆ ಮಾತ್ರ. ಆಸ್ಟ್ರೇಲಿಯಾದ ಸಿಪಾಯಿ ಯುದ್ಧಕ್ಕೆ ಹೋಗ್ತೀನಿ ಅಂತ ತಾನೇ ಸೈನ್ ಹಾಕಿದವನು, ನಮ್ಮವರು ಸಂಸ್ಥಾನದ ಕಾಯಂ ಸೈನಿಕರು, ಮಹಾರಾಜರು ಕೊಟ್ರು, ಇವರು ಹೋದ್ರು. ವೋಟಂತೂ ಕನಸು. ಇದನ್ನ ಯಾರನ್ನೂ ಸಣ್ಣ ಮಾಡೋಕೆ ಹೇಳ್ತಿಲ್ಲ, ಜೋಡಿಸಿ ಮಾತಾಡೋವಾಗ ಗೊತ್ತಿರಲಿ ಅಂತ.

ಆ ಕುದುರೆಗಳು ಏನಾದ್ವು?

ಇದನ್ನ ಮಕ್ಕಳೇ ಜಾಸ್ತಿ ಕೇಳೋದು. 1,30,000ಕ್ಕಿಂತ ಜಾಸ್ತಿ ಕುದುರೆ ಹೋದ್ವು, ವಾಪಸ್ ಬಂದಿದ್ದು ಒಂದು. ಸ್ಯಾಂಡಿ ಅಂತ ಹೆಸರು, ಮೇಲೆ ಹೇಳಿದ ಜನರಲ್ ಬ್ರಿಡ್ಜಸ್ ಅವರದು. ಅವರು ಗಲಿಪೊಲಿಯಲ್ಲಿ ಗುಂಡೇಟು ಬಿದ್ದು 1915ರಲ್ಲೇ ಸತ್ತಿದ್ರು, ಕುದುರೆ ಮಾತ್ರ ಮೆಲ್ಬರ್ನ್‌ನ ಮರಿಬಿರ್ನಾಂಗಲ್ಲಿ ಹುಲ್ಲು ಮೇಯ್ಕೊಂಡು 1923ರವರೆಗೆ ಇತ್ತು. ರೋಗ ಬರುತ್ತೆ ಅನ್ನೋ ಕ್ವಾರಂಟೈನ್ ರೂಲು, ಹಡಗಿನ ಖರ್ಚು ಎರಡೂ ಸೇರಿ ಉಳಿದವು ಬರಲಿಲ್ಲ. ಮುದಿಯಾದವು, ರೋಗ ಬಂದವುಗಳಿಗೆ ಗುಂಡು, ಚೆನ್ನಾಗಿದ್ದವು ಬೇರೆ ದಳಗಳಿಗೆ, ತುಂಬ ಭಾರತೀಯ ಕ್ಯಾವಲ್ರಿಗೇ ಹೋದ್ವು. ಈ ತಳಿಗೆ ವೇಲರ್ ಅಂತ ಹೆಸರಿಟ್ಟಿದ್ದೇ ಇಂಡಿಯಾದಲ್ಲಿ, ನ್ಯೂ ಸೌತ್ ವೇಲ್ಸಿಂದ ಹಡಗಲ್ಲಿ ಮದ್ರಾಸಿಗೆ, ಕಲ್ಕತ್ತಾಗೆ ತಂದು ಮಾರ್ತಿದ್ರಲ್ಲ ಅದಕ್ಕೆ.

ಮಾತು ಕೇಳದವರಿಗೆ ಗಲ್ಲು ಶಿಕ್ಷೆ ಇತ್ತಾ?

121 ಜನರಿಗೆ ಮರಣದಂಡನೆ ಅಂತ ತೀರ್ಪಾಯ್ತು, ಒಂದೂ ಜಾರಿ ಆಗ್ಲಿಲ್ಲ. ಆಸ್ಟ್ರೇಲಿಯಾ ಕಾನೂನಲ್ಲಿ ಗವರ್ನರ್ ಜನರಲ್ ಒಪ್ಪಿಗೆ ಬೇಕಿತ್ತು, ಅದು ಬರ್ಲೇ ಇಲ್ಲ. ಬ್ರಿಟಿಷ್ ಜನರಲ್‌ಗಳಿಗೆ ಇದು ನುಂಗಲಾರದ ತುತ್ತು, ಬೇಕೇ ಬೇಕು ಅಂತ ಒತ್ತಡ ಹಾಕಿದ್ರು. ತಾನಾಗಿ ಬಂದವನಿಗೆ ನಾವೇ ಗುಂಡು ಹೊಡೆದ್ರೆ ನಾಳೆ ಇನ್ಯಾರು ಬರ್ತಾರೆ ಹೇಳಿ.

37ನೇ ಬೆಟಾಲಿಯನ್ ದಂಗೆ ಎದ್ದಿದ್ದು ಯಾಕೆ?

ನನಗೆ ಎಲ್ಲಕ್ಕಿಂತ ಇಷ್ಟದ ಪ್ರಶ್ನೆ. 1918ರ ಸೆಪ್ಟೆಂಬರ್ ಹೊತ್ತಿಗೆ ಊರಿಂದ ಹೊಸಬರು ಬರೋದು ತೀರಾ ಕಮ್ಮಿ ಆಗಿತ್ತು, ಎಳ್ಕೊಂಡು ಬರೋ ಹಾಗಿಲ್ಲ, 1,000 ಇರಬೇಕಾದ ಬೆಟಾಲಿಯನ್ನಲ್ಲಿ ಮುನ್ನೂರು ನಾನೂರು ಜನ. ಕೆಲವು ಬೆಟಾಲಿಯನ್ ಮುಚ್ಚಿ ಉಳಿದವರನ್ನ ಬೇರೆ ಕಡೆ ಹಂಚಿ ಅಂತ ಆರ್ಡರ್ ಬಂತು. 37ನೇದು ವಿಕ್ಟೋರಿಯಾದವರದು, ಅವರ ಕರ್ನಲ್ ವಿರೋಧ ಮಾಡಿದ್ದಕ್ಕೆ ಅವರನ್ನೇ ತೆಗೆದ್ರು. ಮರುದಿನ ಪರೇಡಲ್ಲಿ ಬೇರೆ ಬೆಟಾಲಿಯನ್‌ಗಳ ಕಡೆ ಹೊರಡಿ ಅಂದ್ರೆ ಒಬ್ಬನೂ ಕದಲಲಿಲ್ಲ. ಆಫೀಸರ್‌ಗಳು ಹೊರಟುಹೋದ್ರು, ಹುಡುಗರು ಅಲ್ಲೇ ಉಳಿದು ತಮ್ಮೊಳಗೇ ಲೀಡರ್‌ಗಳನ್ನ ಆರಿಸ್ಕೊಂಡು ಮೊದಲಿಗಿಂತ ಶಿಸ್ತಾಗಿ ಕ್ಯಾಂಪ್ ನಡೆಸಿದ್ರು. ರೇಷನ್ ನಿಲ್ಲಿಸಿದ್ರು, ಅಕ್ಕಪಕ್ಕದ ಬೆಟಾಲಿಯನ್ನವರು ಸದ್ದಿಲ್ಲದೆ ಊಟ ತಲುಪಿಸಿದ್ರು. ನೋಡಿ ಇದು ದಂಗೆ, ಆದ್ರೆ ಯುದ್ಧ ಬೇಡ ಅನ್ನೋ ದಂಗೆ ಅಲ್ಲ, ನಮ್ಮ ನಂಬರಲ್ಲೇ ಯುದ್ಧಕ್ಕೆ ಕಳಿಸಿ ಅನ್ನೋ ದಂಗೆ. ಇನ್ನೂ ಕೆಲವು ಬೆಟಾಲಿಯನ್‌ಗಳು ಇದೇ ಹಾದಿ ಹಿಡಿದ್ವು. ಕೊನೆಗೆ ಮೇಲಿನವರೇ ಸ್ವಲ್ಪ ದಿನ ಮುಂದೂಡಿದ್ರು, 37ನೇದು ತನ್ನ ಹೆಸರಲ್ಲೇ ಜರ್ಮನ್ನರ ರಕ್ಷಣಾ ಸಾಲಾದ ಹಿಂಡೆನ್‌ಬರ್ಗ್ ಲೈನ್ ಮೇಲೆ ಇನ್ನೊಂದು ಯುದ್ಧ ಮಾಡ್ತು, ಅಕ್ಟೋಬರಲ್ಲಿ ಮುಚ್ಚಿದ್ರು. 60ನೇದು ಮಾತ್ರ ಬ್ರಿಗೇಡಿಯರ್ ಪಾಂಪಿ ಎಲಿಯಟ್ ಖುದ್ದು ಬಂದು ಬೈದು, ಬೇಡ್ಕೊಂಡು, ಒಪ್ಪಿಸಿದ್ದಕ್ಕೆ ಸುಮ್ನೆ ಹೋಯ್ತು.

ಬಿಳಿಯರು ಮಾತ್ರನಾ? ನಮ್ಮೋರು, ಅಲ್ಲಿನ ಮೂಲನಿವಾಸಿ ಅಬೊರಿಜಿನಲ್ ಜನ?

ಕಾಗದದ ಮೇಲೆ ಬಿಳಿಯರು ಮಾತ್ರ. ಆದ್ರೂ 1,000ಕ್ಕಿಂತ ಜಾಸ್ತಿ ಅಬೊರಿಜಿನಲ್ ಜನ ಹೇಗೋ ಸೇರಿದ್ರು, ಕೆಲವರು ಬೇರೆ ಮೂಲ ಹೇಳಿ, ಕೆಲವರು ಡಾಕ್ಟರ್ ಕಣ್ಣು ಮುಚ್ಚಿದ್ದರಿಂದ, 1917ರಲ್ಲಿ ಒಬ್ಬ ತಂದೆ ಅಥವಾ ತಾಯಿ ಯುರೋಪಿಯನ್ ಇದ್ರೆ ಸಾಕು ಅಂತ ರೂಲ್ ಸಡಿಲ ಆಯ್ತು. ಟ್ರೆಂಚಲ್ಲಿ ಸಮಾನ ಸಂಬಳ, ವಾಪಸ್ ಬಂದ್ಮೇಲೆ ಸೋಲ್ಜರ್‌ಗಳಿಗೆ ಜಮೀನು ಹಂಚಿದಾಗ ಇವರಲ್ಲಿ ಬಹುಪಾಲು ಜನಕ್ಕೆ ಸಿಗಲಿಲ್ಲ. ಗಲಿಪೊಲಿಯ ಹೆಸರಾಂತ ಸ್ನೈಪರ್ ಬಿಲ್ಲಿ ಸಿಂಗ್ ಹೆಸರು ನೋಡಿ ಪಂಜಾಬಿ ಅನ್ಕೋಬೇಡಿ, ಅವರ ತಂದೆ ಚೀನಾದವರು. ಪಂಜಾಬ್ ಕಡೆಯಿಂದ ಬಂದು ಅಲ್ಲಿ ನೆಲೆಸಿದ್ದ ಬೆರಳೆಣಿಕೆಯ ಸಿಖ್ಖರು ಎಐಎಫ್ ಸೇರಿದ್ದೂ ಉಂಟು. ಇನ್ನು ಗಲಿಪೊಲಿಯಲ್ಲಿ ಆನ್ಜಾಕ್‌ಗಳಿಗೆ ನೀರು, ಗುಂಡು ಹೊತ್ತಿದ್ದು ಭಾರತೀಯ ಹೇಸರಗತ್ತೆ ದಳ, ಅದು ನಮ್ಮ ಬ್ರಿಟಿಷ್ ಇಂಡಿಯನ್ ಆರ್ಮಿ, ಎಐಎಫ್ ಅಲ್ಲ.

ನರ್ಸ್‌ಗಳು?

2,000ಕ್ಕಿಂತ ಜಾಸ್ತಿ ಹೋದ್ರು. ಅದರಲ್ಲಿ ನೂರಾರು ಜನರ ಡ್ಯೂಟಿ ಬಿದ್ದಿದ್ದು ಬಾಂಬೆ ಮತ್ತು ಇಂಡಿಯಾದ ಬೇರೆ ಆಸ್ಪತ್ರೆಗಳಿಗೆ.

2/14 ಬೆಟಾಲಿಯನ್ ಅಂತ ಬರೀತಾರಲ್ಲ, ಆ 2 ಏನು?

ಎರಡನೇ ಮಹಾಯುದ್ಧದ ಎರಡನೇ ಎಐಎಫ್. ಹಳೇ ನಂಬರ್‌ಗಳನ್ನ ಅಷ್ಟೊತ್ತಿಗೆ ಮಿಲಿಶಿಯಾ ಬಳಸ್ತಾ ಇತ್ತು, ಗೊಂದಲ ಬೇಡ ಅಂತ ಮುಂದೆ 2 ಹಾಕಿದ್ರು. ಡಿವಿಷನ್ 6, 7, 8, 9. ಇವರು ವಾಲಂಟಿಯರ್ಸ್, ಮಿಲಿಶಿಯಾದಲ್ಲಿ ಕಡ್ಡಾಯಕ್ಕೆ ಬಂದವರೂ ಇದ್ರು, ಅವರನ್ನ ಚೋಕೋ ಅಂತ ಕರೀತಿದ್ರು, ಬಿಸಿಲಿಗೆ ಕರಗೋ ಚಾಕೊಲೇಟ್ ಸೋಲ್ಜರ್ ಅಂತ ಅರ್ಥ. 1942ರಲ್ಲಿ ಪಪುವಾದ ಕೊಕೊಡಾ ಕಾಡುದಾರೀಲಿ ಜಪಾನಿನವರನ್ನ ಮೊದಲು ತಡೆದಿದ್ದು ಇದೇ ಚೋಕೋಗಳ 39ನೇ ಬೆಟಾಲಿಯನ್, ಪಪುವಾ ಆಗ ಆಸ್ಟ್ರೇಲಿಯಾದ ಜಾಗ ಆಗಿದ್ದರಿಂದ ಕಾನೂನು ಅಡ್ಡ ಬರಲಿಲ್ಲ. ಇಸುರಾವದಲ್ಲಿ 2/14 ಬಂದು ಸೇರಿಕೊಳ್ಳೋವರೆಗೆ ಆ ಹುಡುಗರು ಹಿಡಿದು ನಿಂತಿದ್ರು, ಆಮೇಲೆ ಆ ಬೆಟಾಲಿಯನ್ನವರನ್ನ ಯಾರೂ ಕರಗೋರು ಅನ್ನಲಿಲ್ಲ. ತಮಾಷೆ ಏನಂದ್ರೆ 1943ರಲ್ಲಿ ಮಿಲಿಶಿಯಾವನ್ನ ಇನ್ನೂ ದೂರ ಕಳಿಸೋ ಕಾನೂನು ತಂದ ಪ್ರಧಾನಿ ಜಾನ್ ಕರ್ಟಿನ್, 1916ರಲ್ಲಿ ಕಡ್ಡಾಯ ಭರ್ತಿ ವಿರೋಧಿಸಿ ಜೈಲಿಗೆ ಹೋಗಿ ಬಂದವರು.

ಒಬ್ಬ ಸೋಲ್ಜರ್ ಬಗ್ಗೆ ಹುಡುಕೋದು ಹೇಗೆ?

ನ್ಯಾಷನಲ್ ಆರ್ಕೈವ್ಸ್ ಆಫ್ ಆಸ್ಟ್ರೇಲಿಯಾ ವೆಬ್‌ಸೈಟಲ್ಲಿ ಮೊದಲ ಎಐಎಫ್ ಸೋಲ್ಜರ್‌ಗಳ ಸರ್ವಿಸ್ ಫೈಲ್ ಸ್ಕ್ಯಾನ್ ಮಾಡಿ ಹಾಕಿದ್ದಾರೆ, ಪುಕ್ಕಟೆ. ಹೆಸರು ಒಂದೇ ಥರದ್ದು ನೂರು ಸಿಗುತ್ತೆ, ಅದಕ್ಕೆ ಹುಟ್ಟೂರು, ಹತ್ತಿರದ ಸಂಬಂಧಿ ಹೆಸರು ನೋಡಿ ಗುರುತು ಹಿಡೀರಿ. ಬೆಟಾಲಿಯನ್ ಯಾವ ದಿನ ಎಲ್ಲಿತ್ತು ಅಂತ ಬೇಕಿದ್ರೆ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್ಲಿನ ಯೂನಿಟ್ ಡೈರಿ ನೋಡಿ, ಅದೂ ಆನ್‌ಲೈನಲ್ಲಿದೆ. ಫೈಲಿನ ಮೊದಲ ಕೆಲವು ಹಾಳೆಗಳಲ್ಲಿ ಎತ್ತರ, ಕಣ್ಣಿನ ಬಣ್ಣ, ಮಚ್ಚೆ ಎಲ್ಲ ಬರೆದಿರುತ್ತೆ, ನಡುವಿನ ಹಾಳೆಗಳಲ್ಲಿ ಆಸ್ಪತ್ರೆ, ದಂಡ, ರಜ. ಹೊಸಬರಿಗೆ ನಾನು ಹೇಳೋದು ಹಿಂದಿನಿಂದ ಶುರು ಮಾಡಿ ಅಂತ, ಕಾಗದಗಳು ಇರೋದು ಅಲ್ಲಿ, ಮಗನ ಸಾಮಾನು ಇನ್ನೂ ಬಂದಿಲ್ಲ ಅಂತ ತಾಯಂದಿರು ಬರೆದಿರೋದು, ಆಮೇಲೆ ಒಂದು ಪಾರ್ಸೆಲ್ ತಲುಪಿತು ಅಂತ ಅವರದೇ ಸಹಿ ಇರೋ ರಸೀದಿ.